ನಾಲ್ಕನೇ ಪ್ರಯತ್ನ, ಎರಡು ಯಾರ್ಡ್

2024ರ ಜನವರಿ 28, ಭಾನುವಾರ ರಾತ್ರಿ. ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್‌ಗೆ ಇನ್ನೊಂದೇ ಗೆಲುವು ಬಾಕಿ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ ನಮ್ಮ ಡೆಟ್ರಾಯ್ಟ್ ಲಯನ್ಸ್ ತಂಡ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ಮೇಲೆ ಆಡುತ್ತಿತ್ತು. ಅರ್ಧ ಆಟ ಮುಗಿದಾಗ 24–7ರಿಂದ ನಾವೇ ಮುಂದೆ. ಮಿಶಿಗನ್‌ನ ಕ್ಯಾಂಟನ್‌ನಲ್ಲಿ, ಪಕ್ಕದ ಮನೆಯ ಬೇಸ್‌ಮೆಂಟ್‌ನಲ್ಲಿ ಎಲ್ಲರೂ ಟೀವಿ ಮುಂದೆ ಕೂತಿದ್ದೆವು. ನನ್ನ ಮಗಳೊಬ್ಬಳು ಬಿಟ್ಟರೆ ಯಾರೂ ಕುಣಿಯುತ್ತಿರಲಿಲ್ಲ. ಅವಳಿನ್ನೂ ಹೈಸ್ಕೂಲು. ಹಳೆಯ ಸೋಲುಗಳನ್ನು ಅವಳು ನೋಡಿಲ್ಲ.

ಪಕ್ಕದ ಮನೆಯವರು ನೋಡಿದ್ದಾರೆ. ಅವರಿಗೆ ಎಪ್ಪತ್ತು ದಾಟಿದೆ, ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಚಿಕ್ಕವರಿದ್ದಾಗ ಅಪ್ಪನ ಜೊತೆ ಟೈಗರ್ ಸ್ಟೇಡಿಯಂಗೆ ಹೋಗಿ ಲಯನ್ಸ್ ಆಟ ನೋಡುತ್ತಿದ್ದರಂತೆ. ತಂಡ ಕೊನೆಯ ಸಲ ಚಾಂಪಿಯನ್ ಆಗಿದ್ದು 1957ರಲ್ಲಿ, ಸೂಪರ್ ಬೌಲ್ ಅನ್ನುವುದೇ ಇಲ್ಲದ ಕಾಲದಲ್ಲಿ. ಅಲ್ಲಿಂದ ಈಚೆಗೆ, ಆ ಸೀಸನ್‌ಗೆ ಮುಂಚೆ, ಪ್ಲೇಆಫ್‌ನಲ್ಲಿ, ಅಂದರೆ ಸೋತರೆ ಮನೆಗೆ ಹೋಗುವ ಕೊನೆಯ ಹಂತದಲ್ಲಿ, ಗೆದ್ದಿದ್ದು ಒಂದೇ ಒಂದು ಪಂದ್ಯ, ಅದೂ 1992ರ ಜನವರಿಯಲ್ಲಿ. 2008ರಲ್ಲಂತೂ ಆಡಿದ 16 ಪಂದ್ಯಗಳನ್ನೂ ಸೋತರು. ಆರ್‌ಸಿಬಿಗಾಗಿ ವರ್ಷವರ್ಷವೂ ಕಾದವರಿಗೆ ಈ ಸಂಕಟವನ್ನು ವಿವರಿಸಬೇಕಿಲ್ಲ ಅಲ್ವಾ?

2021ರಲ್ಲಿ ಡ್ಯಾನ್ ಕ್ಯಾಂಪ್‌ಬೆಲ್ ಕೋಚ್ ಆಗಿ ಬಂದರು. ಮೊದಲ ವರ್ಷ ಗೆದ್ದಿದ್ದು ಮೂರೇ ಪಂದ್ಯ. ಆದರೆ ತಂಡ ಆಡುವ ರೀತಿ ಬದಲಾಗತೊಡಗಿತ್ತು. ಅದು ಅರ್ಥವಾಗಲು ಒಂದು ನಿಯಮ ಗೊತ್ತಿರಬೇಕು. ಈ ಆಟದಲ್ಲಿ 10 ಯಾರ್ಡ್ ಮುಂದೆ ಹೋಗಲು ನಾಲ್ಕು ಪ್ರಯತ್ನ ಸಿಗುತ್ತವೆ. ಮೂರರಲ್ಲಿ ಆಗದಿದ್ದರೆ ಹೆಚ್ಚಿನವರು ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಒಪ್ಪಿಸುತ್ತಾರೆ. ಕಂಬಗಳು ಹತ್ತಿರವಿದ್ದರೆ ಅವುಗಳ ನಡುವೆ ಒದ್ದು 3 ಪಾಯಿಂಟ್ ತಗೊಳ್ಳುತ್ತಾರೆ. ನಾಲ್ಕನೆಯದರಲ್ಲೂ ಮುನ್ನುಗ್ಗಲು ಹೋಗಿ ಆಗದಿದ್ದರೆ ಚೆಂಡು ಅಲ್ಲೇ ಎದುರಾಳಿಯ ಪಾಲು. ಕ್ಯಾಂಪ್‌ಬೆಲ್ ಮತ್ತೆ ಮತ್ತೆ ಮುನ್ನುಗ್ಗುವುದನ್ನೇ ಆರಿಸಿಕೊಂಡರು.

2023ರ ಸೆಪ್ಟೆಂಬರ್ 7ರಂದು ಮೊದಲ ಪಂದ್ಯ, ಹಾಲಿ ಚಾಂಪಿಯನ್ ಕಾನ್ಸಾಸ್ ಸಿಟಿ ಚೀಫ್ಸ್ ಮೇಲೆ, ಅವರದೇ ಊರಿನಲ್ಲಿ. ಲಯನ್ಸ್ ತಮ್ಮದೇ 17 ಯಾರ್ಡ್ ಗೆರೆಯಲ್ಲಿ, ಅಂದರೆ ತಮ್ಮ ಗೋಲ್ ಗೆರೆಯಿಂದ ಬರೀ 17 ಯಾರ್ಡ್ ದೂರದಲ್ಲಿದ್ದರು. ನಾಲ್ಕನೇ ಪ್ರಯತ್ನ, 2 ಯಾರ್ಡ್ ಬೇಕು. ಒದೆಯುವ ಹಾಗೆ ನಿಂತು, ಒದೆಯದೆ ಓಡಿದರು! ಆ ಸರದಿ ಟಚ್‌ಡೌನ್‌ನಲ್ಲಿ, ಅಂದರೆ ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ, ಮುಗಿಯಿತು, ಪಂದ್ಯ 21–20ರ ಗೆಲುವಿನಲ್ಲಿ. ನವೆಂಬರ್‌ನಲ್ಲಿ ಚಾರ್ಜರ್ಸ್ ಮೇಲೆ 38–38 ಸಮ. ಎರಡು ನಿಮಿಷವೂ ಉಳಿದಿರಲಿಲ್ಲ. ಒದ್ದು 3 ಪಾಯಿಂಟ್ ತಗೊಳ್ಳುವ ದೂರದಲ್ಲೇ ಇದ್ದರು. ಹಾಗೆ ಮಾಡಿದ್ದರೆ ಚಾರ್ಜರ್ಸ್‌ಗೆ ತಿರುಗಿ ಹೊಡೆಯಲು ಸಮಯ ಸಿಗುತ್ತಿತ್ತು. ಕ್ಯಾಂಪ್‌ಬೆಲ್ ಅಲ್ಲೂ ಮುನ್ನುಗ್ಗಿಸಿದರು. ಹೊಸಬ ಸ್ಯಾಮ್ ಲಾಪೋರ್ಟಾ ಚೆಂಡು ಹಿಡಿದ. ಗಡಿಯಾರವನ್ನು ಓಡಲು ಬಿಟ್ಟು, ಕೊನೆಗೆ ಒದ್ದು ಗೆದ್ದರು. ಆ ಸೀಸನ್‌ನಲ್ಲಿ 12 ಗೆಲುವು, 5 ಸೋಲು. 1993ರ ನಂತರ ಮೊದಲ ಸಲ ಡಿವಿಷನ್ (ಲೀಗ್‌ನಲ್ಲಿ ನಮ್ಮ ಗುಂಪಿನ) ಪಟ್ಟ.

ಜನವರಿ 14ರಂದು ಡೆಟ್ರಾಯ್ಟ್‌ನ ಫೋರ್ಡ್ ಫೀಲ್ಡ್‌ನಲ್ಲಿ ರಾಮ್ಸ್ ಮೇಲೆ ಪ್ಲೇಆಫ್ ಪಂದ್ಯ. ಡೆಟ್ರಾಯ್ಟ್‌ಗೆ ಹನ್ನೆರಡು ವರ್ಷ ಆಡಿದ ಮ್ಯಾಥ್ಯೂ ಸ್ಟ್ಯಾಫರ್ಡ್ ಎದುರಾಳಿಯ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವರು. ಅವರ ಬದಲಿಗೆ ಅದೇ ರಾಮ್ಸ್ ಬಿಟ್ಟುಕೊಟ್ಟಿದ್ದ ಜ್ಯಾರೆಡ್ ಗಾಫ್ ನಮ್ಮವರು. ಇಡೀ ಸ್ಟೇಡಿಯಂ ಗಾಫ್ ಹೆಸರು ಕೂಗಿತು. 24–23, ಗೆದ್ದೆವು! ಪಕ್ಕದ ಮನೆಯವರು ಅವತ್ತು ಅತ್ತುಬಿಟ್ಟರು. ಮುಂದಿನ ವಾರ ಟ್ಯಾಂಪಾ ಬೇಯನ್ನೂ 31–23ರಿಂದ ಸೋಲಿಸಿದರು. ಹೀಗೆ ಸಾಂತಾ ಕ್ಲಾರಾ ತಲುಪಿದ್ದೆವು.

ಮೂರನೇ ಕ್ವಾರ್ಟರ್‌ನಲ್ಲಿ 24–10 ಆಗಿದ್ದಾಗ ಲಯನ್ಸ್ ಎದುರಾಳಿಯ 28 ಯಾರ್ಡ್ ಗೆರೆಗೆ ಬಂದು ನಿಂತರು. ನಾಲ್ಕನೇ ಪ್ರಯತ್ನ, 2 ಯಾರ್ಡ್ ಬೇಕು. "ಒದೀರಿ, ಮೂರು ಪಾಯಿಂಟ್ ತಗೊಳ್ಳಿ" ಎಂದು ಪಕ್ಕದ ಮನೆಯವರು ಟೀವಿಗೆ ಹೇಳಿದರು. ಕ್ಯಾಂಪ್‌ಬೆಲ್ ತಗೊಳ್ಳಲಿಲ್ಲ. ಗಾಫ್ ಎಸೆದ ಚೆಂಡು ಜೋಶ್ ರೆನಾಲ್ಡ್ಸ್ ಕೈಗೆ ತಾಗಿ ನೆಲಕ್ಕೆ ಬಿತ್ತು. ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಫಾರ್ಟಿನೈನರ್ಸ್ ಎಸೆದ ಉದ್ದನೆಯ ಚೆಂಡು ನಮ್ಮ ಆಟಗಾರನ ಹೆಲ್ಮೆಟ್ಟಿಗೆ ಬಡಿದು ಮೇಲೆ ಹಾರಿತು. ಬ್ರ್ಯಾಂಡನ್ ಐಯುಕ್ ಮುಂದಕ್ಕೆ ಹಾರಿ ಹಿಡಿದ, 51 ಯಾರ್ಡ್. ಟಚ್‌ಡೌನ್. ನಮ್ಮ ಸರದಿ ಬಂದಾಗ ಮೊದಲ ಓಟದಲ್ಲೇ ಜಮೀರ್ ಗಿಬ್ಸ್ ಕೈಯಿಂದ ಚೆಂಡು ಜಾರಿತು. ಮತ್ತೆ ಅವರದೇ ಟಚ್‌ಡೌನ್. 24–24.

"ಅಪ್ಪಾ, ಇನ್ನೂ ಟೈಮ್ ಇದೆ ಅಲ್ವಾ?" ಎಂದಳು ಮಗಳು. ಇತ್ತು. 27–24 ಹಿಂದಿದ್ದಾಗ ಮತ್ತೆ ಅದೇ ಪ್ರಶ್ನೆ ಬಂತು. ಎದುರಾಳಿಯ 30 ಯಾರ್ಡ್ ಗೆರೆ, ನಾಲ್ಕನೇ ಪ್ರಯತ್ನ, 3 ಯಾರ್ಡ್. ಒದ್ದು ಗೋಲಾದರೆ ಸಮ. ಮತ್ತೆ ಮುನ್ನುಗ್ಗಿದರು, ಮತ್ತೆ ಆಗಲಿಲ್ಲ. ಕೊನೆಗೆ 34–31, ಸೋಲು.

ಕೋಚ್ ದುಡುಕಿದರು ಎಂದು ಮರುದಿನ ಆಫೀಸಿನಲ್ಲೂ ರೇಡಿಯೋದಲ್ಲೂ ಮಾತು. ನಾನು ಒಪ್ಪುವುದಿಲ್ಲ. ಮೊದಲನೆಯದಂತೂ ಪೂರ್ತಿ ಸರಿ. ಬಯಲು ಸ್ಟೇಡಿಯಂನಲ್ಲಿ 46 ಯಾರ್ಡ್ ಒದೆತ ಗ್ಯಾರಂಟಿ ಅಲ್ಲ. ಎಸೆತ ಚೆನ್ನಾಗಿತ್ತು, ಕೈಗೇ ಹೋಗಿತ್ತು. ಹಿಡಿಯಲಿಲ್ಲ ಅಂತ ನಿರ್ಧಾರ ತಪ್ಪಾಗುವುದಿಲ್ಲ. ಎರಡನೆಯದರ ಬಗ್ಗೆ ನಾನೂ ತುಂಬಾ ಯೋಚಿಸಿದ್ದೇನೆ. ಸಮ ಮಾಡಿಕೊಂಡು ಉಸಿರು ತಗೊಳ್ಳಬಹುದಿತ್ತು, ನಿಜ. ಆದರೂ ಆ ತಂಡ ಅಲ್ಲಿಗೆ ಬಂದಿದ್ದು ಹಾಗೆ ಆಡಿ ಅಲ್ಲ. ನನ್ನ ಪ್ರಕಾರ ಅವತ್ತಿನ ತಪ್ಪು ಬೇರೆಯೇ ಇದೆ. ಕೊನೆಯಲ್ಲಿ 10 ಪಾಯಿಂಟ್ ಹಿಂದೆ, ಗೋಲ್ ಗೆರೆ ಒಂದೇ ಯಾರ್ಡ್ ದೂರ, ಗಡಿಯಾರದಲ್ಲಿ ಒಂದು ನಿಮಿಷದಷ್ಟೇ. ಆಗ ಎಸೆಯದೆ ಓಡಿಸಿದರು. ಓಟ ನಿಂತಿತು, ಗಡಿಯಾರ ನಿಲ್ಲಿಸಲು ಒಂದು ಟೈಮ್‌ಔಟ್ ಖರ್ಚಾಯಿತು. ಅದು ಕೈಯಲ್ಲಿದ್ದಿದ್ದರೆ ಚೆಂಡು ಇನ್ನೊಂದು ಸಲ ನಮ್ಮ ಕೈಗೆ ಬರಬಹುದಿತ್ತು. ಅದರ ಬಗ್ಗೆ ಮಾತ್ರ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಪಂದ್ಯ ಮುಗಿದ ಮೇಲೆ ಕ್ಯಾಂಪ್‌ಬೆಲ್ ತಮ್ಮ ನಿರ್ಧಾರಗಳಿಗೆ ಪಶ್ಚಾತ್ತಾಪ ಇಲ್ಲ ಎಂದರು. ಮುಂದಿನ ಸೀಸನ್‌ನಲ್ಲೂ ನಾಲ್ಕನೇ ಪ್ರಯತ್ನದಲ್ಲಿ ನುಗ್ಗುವುದನ್ನು ಬಿಡಲಿಲ್ಲ. 15 ಗೆಲುವು, 2 ಸೋಲು, ತಂಡದ ಇತಿಹಾಸದಲ್ಲೇ ಅತಿ ಹೆಚ್ಚು ಗೆಲುವು. ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ವಾಷಿಂಗ್ಟನ್ ಮುಂದೆ 45–31ರಿಂದ ಸೋತರು. ಪಕ್ಕದ ಮನೆಯವರು ಮಾತ್ರ ಇವತ್ತಿಗೂ ಸಾಂತಾ ಕ್ಲಾರಾದ ಆ 3 ಪಾಯಿಂಟ್ ಬಿಟ್ಟುಕೊಡಲು ತಯಾರಿಲ್ಲ. ಹಿಮ ತೆಗೆಯುತ್ತಾ ಬೇಲಿ ಹತ್ತಿರ ಸಿಕ್ಕರೆ ಅದನ್ನೇ ಎತ್ತುತ್ತಾರೆ. ನಾನು ಟೈಮ್‌ಔಟ್ ಕಥೆ ತೆಗೆಯುತ್ತೇನೆ.