ಮನೆಯಲ್ಲಿ ಹೇಳದ ಪ್ರೀತಿ ಮುರಿದಾಗ

ಪ್ರೀತಿ ಮುರಿದುಬಿದ್ದಾಗ ಹೇಳಿಕೊಳ್ಳಲು ಜಾತಿ, ಜಾತಕ, ಮನೆಯವರ ಹಠ ಎಂಬ ಕಾರಣಗಳು ನಮ್ಮಲ್ಲಿ ಸಿದ್ಧವಾಗಿಯೇ ಇರುತ್ತವೆ. ಅವು ಸುಳ್ಳಲ್ಲ, ಆದರೆ ವಿಷಯ ಮನೆಯವರ ಕಿವಿಗೆ ಬೀಳುವ ಮೊದಲೇ ಸವೆದುಹೋಗಿದ್ದ ಸಂಬಂಧಗಳನ್ನೂ ನಾವು ಅದೇ ಲೆಕ್ಕಕ್ಕೆ ಬರೆದುಬಿಡುತ್ತೇವೆ ಎಂಬುದು ನನ್ನ ಅನುಮಾನ. ದಂಪತಿಗಳ ಮಾತುಕತೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ಅವರ ಪ್ರಕಾರ, ಸಂಬಂಧವನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ತಾತ್ಸಾರ. ಜೋರು ಜಗಳಕ್ಕಿಂತ ‘ನಿನಗೆಲ್ಲಿ ಅರ್ಥವಾಗುತ್ತೆ ಬಿಡು’ ಎಂಬ ಧಾಟಿ ಅಪಾಯಕಾರಿ.

ಮುರಿದ ನಂತರದ ಸಂಕಟ ಬರೀ ಭಾವುಕತೆಯಲ್ಲ. ಅಮೆರಿಕದ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಮತ್ತು ಸಂಗಡಿಗರು, ಪ್ರೀತಿಸಿದವರಿಂದ ತಿರಸ್ಕೃತರಾದ 15 ಮಂದಿಯ ಮಿದುಳನ್ನು ಸ್ಕ್ಯಾನ್ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ವ್ಯಕ್ತಿಯ ಫೋಟೊ ಕಂಡಾಗ ಕೊಕೇನ್ ಚಟದ ಹಂಬಲಕ್ಕೆ ಸಂಬಂಧಿಸಿದ ಭಾಗಗಳೇ ಚುರುಕಾಗಿದ್ದವು. ನಡುರಾತ್ರಿ ಎದ್ದು ವಾಟ್ಸ್ಆ್ಯಪ್ ಸ್ಟೇಟಸ್ ಇಣುಕುವವರನ್ನು ‘ಸ್ವಾಭಿಮಾನ ಇಲ್ಲವೇ’ ಎಂದು ಬೈಯುವ ಸ್ನೇಹಿತರು ಇದನ್ನು ತಿಳಿದಿರಬೇಕು.

ಚೇತರಿಕೆಯ ಬಗ್ಗೆ ನನಗೆ ಅತ್ಯಂತ ಕುತೂಹಲಕರವೆನಿಸಿದ್ದು ಮನೋವಿಜ್ಞಾನ ಸಂಶೋಧಕರಾದ ಗ್ರೇಸ್ ಲಾರ್ಸನ್ ಮತ್ತು ಡೇವಿಡ್ ಸ್ಬಾರಾ 2015ರಲ್ಲಿ ಪ್ರಕಟಿಸಿದ ಅಧ್ಯಯನ. ಒಂಬತ್ತು ವಾರಗಳ ಅವಧಿಯಲ್ಲಿ ಹಲವು ಬಾರಿ ಬಂದು, ಪ್ರಶ್ನೆಗಳಿಗೆ ಉತ್ತರಿಸಿ, ತಮ್ಮ ಅಗಲಿಕೆಯ ಬಗ್ಗೆ ಮಾತನಾಡಿದವರು, ಮೊದಲು ಮತ್ತು ಕೊನೆಯಲ್ಲಿ ಮಾತ್ರ ಪರೀಕ್ಷೆಗೆ ಒಳಗಾದವರಿಗಿಂತ ಹೆಚ್ಚು ಚೇತರಿಸಿಕೊಂಡಿದ್ದರು. ಯಾರೂ ಅವರಿಗೆ ಚಿಕಿತ್ಸೆ ನೀಡಿರಲಿಲ್ಲ. ‘ನಾವು’ ಎಂದು ಯೋಚಿಸುತ್ತಿದ್ದ ಮನಸ್ಸು ತಾನು ಒಬ್ಬಂಟಿಯಾಗಿ ಯಾರು ಎಂಬುದನ್ನು ಮತ್ತೆ ಸ್ಪಷ್ಟಪಡಿಸಿಕೊಂಡದ್ದೇ ಅವರಿಗೆ ನೆರವಾಗಿತ್ತು.

ನಮ್ಮ ತೊಡಕು ಇರುವುದು ಇಲ್ಲಿಯೇ. ಸಾವಾದ ಮನೆಗೆ ಜನ ಬಂದು ಕೂರುತ್ತಾರೆ, ಊಟ ತಂದುಕೊಡುತ್ತಾರೆ. ಮನೆಯಲ್ಲಿ ಹೇಳದೇ ಇದ್ದ ಪ್ರೀತಿ ಸತ್ತರೆ ಸಂತಾಪಕ್ಕೆ ಬರುವವರು ಯಾರು? ‘ಯಾಕೋ ಸೊರಗಿದ್ದೀಯಲ್ಲ ಮಗಾ’ ಎಂದು ಅಮ್ಮ ಕೇಳಿದರೆ ಆಫೀಸಿನ ಕೆಲಸದ ಮೇಲೆ ಹಾಕಬೇಕು. ಅದೇ ವಾರ ಹೆಣ್ಣು ನೋಡುವ ಶಾಸ್ತ್ರಕ್ಕೂ ಹೊರಡಬೇಕಾಗಬಹುದು. ಪಿಜಿಯ ರೂಮ್‌ಮೇಟ್ ಒಬ್ಬರಿಗಾದರೂ ವಿಷಯ ತಿಳಿದಿರುವುದು ದೊಡ್ಡ ಆಸರೆ. ಅಂಥವರೂ ಇಲ್ಲದಿದ್ದರೆ, ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ಹೇಳಿಕೊಳ್ಳುವುದಕ್ಕೂ ಮೆಲುಕು ಹಾಕುವುದಕ್ಕೂ ವ್ಯತ್ಯಾಸವಿದೆ. ಇದೇ ಸ್ಬಾರಾ ಅವರ ಇನ್ನೊಂದು ಅಧ್ಯಯನದಲ್ಲಿ, ದಾಂಪತ್ಯ ಮುರಿದವರ ಪೈಕಿ ಅದನ್ನೇ ಕೆದಕುವ ಸ್ವಭಾವದವರಿಗೆ ಭಾವನೆಗಳನ್ನು ತೋಡಿಕೊಂಡು ಬರೆಯುವುದರಿಂದ ಚೇತರಿಕೆ ಇನ್ನಷ್ಟು ತಡವಾಗಿತ್ತು. ಹಾಗಾಗಿ ಕೇಳಿಸಿಕೊಳ್ಳುವ ಸ್ನೇಹಿತರಿಗೂ ಒಂದು ಕೆಲಸವಿದೆ: ಕಥೆಯನ್ನು ಪೂರ್ತಿ ಕೇಳಿ, ‘ಅವನು ಯಾಕೆ ಹಾಗೆ ಮಾಡಿದ’ ಎಂಬ ಪ್ರಶ್ನೆ ಮತ್ತೆ ಮತ್ತೆ ಬರತೊಡಗಿದಾಗ, ಈ ಭಾನುವಾರ ನೀನು ಏನು ಮಾಡುತ್ತೀಯ ಎಂದು ಕೇಳುವುದು.