ಕೆಜಿಎಫ್ ಶಾಲಾ ದಾರಿ ನಕ್ಷೆ: 640 ಮೀಟರ್‌ನ ಗುಟ್ಟು ಸಿಕ್ಕಿತು

ಕೆಜಿಎಫ್‌ನ (ಕೋಲಾರ ಚಿನ್ನದ ಗಣಿ ಪ್ರದೇಶ) ಮಕ್ಕಳು ಶಾಲೆಗೆ ನಡೆದು ಹೋಗುವ ದಾರಿಗಳ ನಕ್ಷೆ ಮಾಡುತ್ತಿದ್ದೇನೆ. ಅದರಲ್ಲಿ ಮೂರು ವಾರದಿಂದ ಕಾಡುತ್ತಿದ್ದ ತಪ್ಪು ನಿನ್ನೆ ರಾತ್ರಿ ಸಿಕ್ಕಿತು. ಎಷ್ಟು ಖುಷಿಯಾಯಿತು ಅಂದರೆ ನಿದ್ದೆಯೇ ಬರಲಿಲ್ಲ. ಶಾಲೆಗಳನ್ನು ಗುರುತಿಸುವುದು, ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶದ ಪದರ ಎಲ್ಲ ಮುಗಿದಿದೆ, ಅದನ್ನು ಬಿಡುತ್ತೇನೆ.

ಈಗ ಚಾಂಪಿಯನ್ ರೀಫ್ಸ್ ಕಡೆಯ ಲೈನ್ ಮನೆಗಳ (ಗಣಿ ಕಾರ್ಮಿಕರ ಸಾಲುಮನೆ) ಸರದಿ. 2001ರಲ್ಲಿ ಗಣಿ ಮುಚ್ಚಿತು, ಜನ ಅಲ್ಲೇ ಉಳಿದರು. ಪಕ್ಕದಲ್ಲೇ ಬಂಗಾರಪೇಟೆ–ಮಾರಿಕುಪ್ಪಂ ರೈಲು ಹಳಿ. ಒಂದು ಲೈನ್‌ನಿಂದ ಶಾಲೆಗೆ 640 ಮೀಟರ್ ಅಂತ ದಾರಿ ಹುಡುಕುವ ತಂತ್ರಾಂಶ ಓಎಸ್‌ಆರ್‌ಎಂ ತೋರಿಸುತ್ತಿತ್ತು. ರಸ್ತೆ ಹಿಡಿದು ನಡೆದರೆ 1.5 ಕಿಲೋಮೀಟರ್. ಜಿಪಿಎಸ್ ಮೇಲೆ ಅನುಮಾನಪಟ್ಟು ಎರಡು ಭಾನುವಾರ ಅಳೆದೆ.

ಐದನೇ ಕ್ಲಾಸಿನ ಹುಡುಗಿಯೊಬ್ಬಳು ಮೊಬೈಲ್ ನೋಡಿ, "ಅಣ್ಣಾ, ಇಲ್ಲಿ ಸೇತುವೆ ಎಲ್ಲಿದೆ?" ಅಂದಳು. ಅಲ್ಲಿ ಸೇತುವೆಯೇ ಇಲ್ಲ! ಕಾಲುದಾರಿಯ ಗೆರೆ ಹಳಿಯ ಗೆರೆಯನ್ನು ದಾಟಿತ್ತು, ಆದರೆ ಎರಡಕ್ಕೂ ಸೇರಿದ ನೋಡ್ (ಗೆರೆಗಳು ಕೂಡುವ ಬಿಂದು) ಇರಲಿಲ್ಲ. ನೋಡ್ ಇಲ್ಲದಿದ್ದರೆ ದಾರಿ ಹುಡುಕುವ ರೂಟರ್‌ಗೆ ಹಳಿ ಕಾಣುವುದೇ ಇಲ್ಲ, ಮಕ್ಕಳನ್ನು ನೇರ ದಾಟಿಸಿಬಿಡುತ್ತದೆ. ನಕ್ಷೆ ತಿದ್ದುವ ಜೋಸ್ಮ್ ತಂತ್ರಾಂಶದಲ್ಲಿ ತಪ್ಪು ಹುಡುಕುವ ವ್ಯಾಲಿಡೇಟರ್ ಇಂಥದ್ದಕ್ಕೆ ಎಚ್ಚರಿಕೆ ಕೊಡುತ್ತದೆ, ದಯವಿಟ್ಟು ಅದನ್ನು ಸುಮ್ನೆ ಮುಚ್ಚಬೇಡಿ.

ನೋಡ್ ಸೇರಿಸಿ, ಹಳಿ ದಾಟಿದರೆ ಒಂದು ನಿಮಿಷ ಜಾಸ್ತಿ ಅಂತ ಲೆಕ್ಕದಲ್ಲಿ ದಂಡ ಹಾಕಿದೆ. ದಾರಿ ಕದಲಲಿಲ್ಲ. ಸುತ್ತಿ ಹೋಗಲು ಹತ್ತು ನಿಮಿಷ ಜಾಸ್ತಿ ಬೇಕು, ಒಂದು ನಿಮಿಷ ಯಾವ ಲೆಕ್ಕ? ಮಗುವಿನ ಜೀವಕ್ಕೆ ಎಷ್ಟು ನಿಮಿಷ ಅಂತ ಬರೆಯಲು ಮನಸ್ಸೂ ಒಪ್ಪಲಿಲ್ಲ. ಗೇಟ್ ಇಲ್ಲದ ಕಡೆ ಆ ನೋಡ್ ಅನ್ನೇ ಬ್ಯಾರಿಯರ್ (ದಾಟಲಾಗದ ತಡೆ) ಮಾಡಿದೆ. ತಕ್ಷಣ 1.5 ಬಂತು.

ಇದು ಬರೀ ನಕ್ಷೆಯ ಮಾತಲ್ಲ. ಶಿಕ್ಷಣ ಹಕ್ಕಿನ 2010ರ ಮಾದರಿ ನಿಯಮದಲ್ಲಿ 1ರಿಂದ 5ನೇ ತರಗತಿಗೆ 1 ಕಿಲೋಮೀಟರ್ ಅಂತಿರುವುದು ನಡೆಯುವ ದೂರ. ಶಾಲೆಯ ಸುತ್ತ ವೃತ್ತ ಎಳೆದರೆ ಈ ಲೈನ್ ಒಳಗೆ ಬೀಳುತ್ತದೆ. ಕಾಲಲ್ಲಿ ಅಳೆದರೆ ಹೊರಗೆ. ಕಾಲು ಸೇತುವೆ ಕೇಳಲು ಇದಕ್ಕಿಂತ ಗಟ್ಟಿ ಕಾರಣ ಬೇಕಾ?

ಮಕ್ಕಳು ಕತ್ತಲಲ್ಲೂ ಕಾಣಲಿ ಅಂತ ಬ್ಯಾಗಿಗೆ ಅಂಟಿಸಲು ತರಿಸಿದ ಹೊಳೆಯುವ ಟೇಪ್ ಮಾತ್ರ ಮೋಸ. ಟಾರ್ಚ್ ಬಿಟ್ಟರೂ ಮಿನುಗುವುದಿಲ್ಲ, ಬರೀ ಬೂದು ಪ್ಲಾಸ್ಟಿಕ್. ಮಾರಿದವರು ಎರಡು ವಾರದಿಂದ ಫೋನ್ ಎತ್ತುತ್ತಿಲ್ಲ. ಮಕ್ಕಳ ಸಾಮಾನಿನಲ್ಲಿ ಹೀಗೆ ಮಾಡಬಾರದು.

ಹಾಂ, ಸುತ್ತುದಾರಿ ಸೈನೈಡ್ ದಿಬ್ಬದ (ಚಿನ್ನ ತೆಗೆದ ಮೇಲೆ ಉಳಿದ ಗಣಿ ಪುಡಿಯ ರಾಶಿ) ಪಕ್ಕ ಹೋಗುತ್ತದೆ. ಗಾಳಿ ಬೀಸಿದರೆ ಕಣ್ಣು ಬಿಡಲಾಗದಷ್ಟು ಧೂಳು. ಆಷಾಢದ ಗಾಳಿಗೆ ಮುಂಚೆ ಅಲ್ಲಿ ಧೂಳು ಅಳೆಯಬೇಕು. ಅತಿ ಸಣ್ಣ ಕಣ ಅಳೆಯುವ ಅಗ್ಗದ ಪಿಎಂ 2.5 ಸೆನ್ಸರ್‌ಗೆ ದಪ್ಪ ಧೂಳು ಸರಿಯಾಗಿ ಸಿಗುವುದಿಲ್ಲ. ಯಾರಾದರೂ ಬೇರೆ ಏನಾದರೂ ಬಳಸಿದ್ದೀರಾ?

ಭಾನುವಾರ ಹೊಸ ದಾರಿಯ ಪರೀಕ್ಷೆ. ಸೇತುವೆ ಕೇಳಿದ ಹುಡುಗಿ ಮುಂದೆ ನಡೆಯುತ್ತಾಳೆ, ನಾನು ಹಿಂದೆ ಟ್ರ್ಯಾಕ್ ಬರೆಯುತ್ತೇನೆ.