ಆಲಿವೀನ್ ಎಂದು ಬರೆಯುವ ಮೊದಲು ಎರಡನೇ ತಗ್ಗು ನೋಡಿ

ಹುಣ್ಣಿಮೆಯ ದಿನ ಚಂದ್ರನಲ್ಲಿ ಮೊಲ ಎಂದು ಮಕ್ಕಳಿಗೆ ತೋರಿಸುವ ಕಪ್ಪು ಭಾಗವೆಲ್ಲ ಬಸಾಲ್ಟ್. ಬರಿಗಣ್ಣಿಗೆ ಒಂದೇ ಬಣ್ಣ, ಆದರೆ ಒಂದೊಂದು ಲಾವಾ ಹರಿವಿನ ಖನಿಜಗಳು ಒಂದೊಂದು ಬಗೆ. ಅವನ್ನು ಬೇರ್ಪಡಿಸಿ ನಕ್ಷೆ ಮಾಡಲು ಚಂದ್ರಯಾನ-1 ಹೊತ್ತೊಯ್ದ ಎಂ-ಕ್ಯೂಬ್ (ಮೂನ್ ಮಿನರಾಲಜಿ ಮ್ಯಾಪರ್) ಉಪಕರಣದ ದತ್ತಾಂಶ ಇಂದಿಗೂ ಒಳ್ಳೆಯ ಆರಂಭ. ಅದು ಬೆಳಕನ್ನು ಅಲೆಯುದ್ದದಂತೆ 85 ಚಾನೆಲ್‌ಗಳಾಗಿ ಬಿಡಿಸಿ ಅಳೆಯಿತು: ಸುಮಾರು 430ರಿಂದ 3000 ನ್ಯಾನೋಮೀಟರ್, ಪಿಕ್ಸೆಲ್‌ಗೆ 140 ಮೀಟರ್. 2009ರ ಮೇ ತಿಂಗಳಲ್ಲಿ ಕಕ್ಷೆಯನ್ನು 200 ಕಿ.ಮೀ.ಗೆ ಏರಿಸಿದ ಮೇಲಿನ ಚಿತ್ರಗಳಲ್ಲಿ ಇದು 280 ಮೀಟರ್. ಎರಡನ್ನೂ ಒಂದೇ ಜೋಡಣೆ-ಚಿತ್ರದಲ್ಲಿ (ಮೊಸಾಯಿಕ್) ಬೆರೆಸಿದರೆ ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. ಅದನ್ನು ಖನಿಜದ ಗಡಿ ಎಂದು ಗೆರೆ ಎಳೆಯಬೇಡಿ.

ಯಾವ ಅಲೆಯುದ್ದದಲ್ಲಿ ಎಷ್ಟು ಬೆಳಕು ಪ್ರತಿಫಲಿಸಿತು ಎಂದು ತೋರಿಸುವ ಗೆರೆಯೇ ರೋಹಿತ; ಖನಿಜ ಬೆಳಕು ಹೀರಿದ ಕಡೆ ಅದರಲ್ಲಿ ತಗ್ಗು ಬೀಳುತ್ತದೆ. ಇಡೀ ಕಪ್ಪು ಬಯಲಿನ ಸರಾಸರಿ ರೋಹಿತ ತೆಗೆದರೆ ಹೆಚ್ಚೇನೂ ಸಿಗುವುದಿಲ್ಲ. ಸೌರಮಾರುತ, ಸೂಕ್ಷ್ಮ ಉಲ್ಕೆಗಳ ಹೊಡೆತಕ್ಕೆ ಮಣ್ಣಿನ ಕಣಗಳ ಮೇಲೆ ಕಬ್ಬಿಣದ ಅತಿಸಣ್ಣ ಕಣಗಳು ಕೂತು ತಗ್ಗುಗಳು ಮಸುಕಾಗಿರುತ್ತವೆ. ಹಾಗಾಗಿ ಒಳಗಿನ ತಾಜಾ ಶಿಲೆ ತೋರಿಸುವ ಹೊಸ ಕುಳಿಗಳನ್ನೇ ಹುಡುಕಬೇಕು. 500 ಮೀಟರ್ ಅಗಲದ ಕುಳಿ ಅಡ್ಡಕ್ಕೆ ಮೂರು-ನಾಲ್ಕು ಪಿಕ್ಸೆಲ್ ಅಷ್ಟೇ. ನೆರಳಿನ ಬದಿ ಬಿಟ್ಟು, ಬೆಳಕು ಬಿದ್ದ ಗೋಡೆಯಿಂದಲೋ ಅಂಚಿನಾಚೆ ಎಸೆದು ಬಿದ್ದ ಶಿಲೆಯಿಂದಲೋ ರೋಹಿತ ತೆಗೆದುಕೊಳ್ಳಿ. ಕುಳಿ ತೀರಾ ದೊಡ್ಡದಾದರೂ ಕಷ್ಟವೇ. ಬಸಾಲ್ಟ್ ಪದರ ತೆಳುವಾಗಿರುವ ಕಡೆ ಅದು ಕೆಳಗಿನ ಬಿಳಿ ಶಿಲೆಯನ್ನೂ ಮೇಲೆ ತಂದು ಹಾಕಿರುತ್ತದೆ.

ಒಂದು ಒಳ್ಳೆಯ ರೋಹಿತ ಕೈಗೆ ಬಂತು ಎನ್ನೋಣ. 1000 ನ್ಯಾನೋಮೀಟರ್ ಬಳಿಯ ಮೊದಲ ತಗ್ಗಿನ ಎರಡು ಬದಿಯ ಎತ್ತರಗಳಿಗೆ, ಎಂದರೆ 750 ಮತ್ತು 1550ರ ಆಸುಪಾಸಿನ ಭುಜಗಳಿಗೆ, ನೇರಗೆರೆ ಕಟ್ಟಿ ರೋಹಿತವನ್ನು ಅದರಿಂದ ಭಾಗಿಸಿ. 2000ದ ಬಳಿಯ ಎರಡನೇ ತಗ್ಗಿಗೂ ಹಾಗೆಯೇ. ತಗ್ಗಿನ ತಳ ಎಲ್ಲಿದೆ ಎಂದು ಚಾನೆಲ್ ನೋಡಿ ಹೇಳಬೇಡಿ. 1000ದ ಬಳಿ ಚಾನೆಲ್‌ಗಳ ನಡುವೆ 20 ನ್ಯಾನೋಮೀಟರ್, 2000ದ ಬಳಿ 40. ತಳಭಾಗಕ್ಕೆ ನಾಲ್ಕನೇ ಘಾತದ ಬಹುಪದಿ ಹೊಂದಿಸಿ ಕನಿಷ್ಠ ಬಿಂದು ತೆಗೆಯಿರಿ. ಬಸಾಲ್ಟ್‌ನ ಮುಖ್ಯ ಖನಿಜವಾದ ಪೈರಾಕ್ಸೀನ್‌ನಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ತಳ 900-930 ಹಾಗೂ 1800-1950ರಲ್ಲಿ ಸಿಗುತ್ತದೆ, ಹೆಚ್ಚಿದ್ದರೆ 970-1050 ಹಾಗೂ 2100-2300ರಲ್ಲಿ. ಕಬ್ಬಿಣ-ಮೆಗ್ನೀಷಿಯಂನ ಇನ್ನೊಂದು ಖನಿಜ ಆಲಿವೀನ್‌ಗೆ 1050ರ ಬಳಿ ಅಗಲವಾದ ಒಂದೇ ತಗ್ಗು. 2000ದಲ್ಲಿ ಏನೂ ಇಲ್ಲ.

ಬಹಳ ಜನ ಜಾರುವುದು ಇಲ್ಲೇ. ಚಂದ್ರನ ಅತಿ ದೊಡ್ಡ ಕಪ್ಪು ಬಯಲು ಪ್ರೊಸೆಲ್ಲಾರಂನ ಪಶ್ಚಿಮದ ಎಳೆಯ ಬಸಾಲ್ಟ್‌ಗಳಲ್ಲಿ ಮೊದಲ ತಗ್ಗು ಅಗಲವಾಗಿ, ಬಲಕ್ಕೆ ಸರಿದು, 1200ರ ಬಳಿ ಗೆರೆ ಇಳಿದಿರುತ್ತದೆ, ಎರಡನೆಯದು ಪೇಲವ. ಇದನ್ನು ನೋಡಿ ಆಲಿವೀನ್ ಹೇರಳವಾಗಿದೆ ಎಂದು ವರ್ಷಗಟ್ಟಲೆ ಓದಲಾಯಿತು. 2020ರ ಡಿಸೆಂಬರ್‌ನಲ್ಲಿ ಚೀನಾದ ಚಾಂಗ್'ಇ-5 ನೌಕೆ ಅದೇ ಬಯಲಿನ ರೂಮ್ಕರ್ ಗುಡ್ಡದ ಸೀಮೆಯಿಂದ 1,731 ಗ್ರಾಂ ಮಾದರಿ ತಂದಿತು. ಸುಮಾರು 200 ಕೋಟಿ ವರ್ಷದ ಆ ಬಸಾಲ್ಟ್‌ನಲ್ಲಿ ಆಲಿವೀನ್ ಇದ್ದದ್ದು ತೀರಾ ಕಡಿಮೆ. ಆ ಇಳಿತಕ್ಕೆ ಕಾರಣ ಕಬ್ಬಿಣ, ಕ್ಯಾಲ್ಸಿಯಂ ಎರಡೂ ತುಂಬಿದ ಪೈರಾಕ್ಸೀನ್. ಅದರ ಸ್ಫಟಿಕದ ಎಂ1 ಜಾಗದಲ್ಲಿ ಕೂತ ಕಬ್ಬಿಣವೂ 1200ರ ಬಳಿಯೇ ಬೆಳಕು ಹೀರುತ್ತದೆ.

ಇದಕ್ಕೆ ಶಾಖವೂ ಸೇರಿಕೊಳ್ಳುತ್ತದೆ. ನಡುಹಗಲಲ್ಲಿ ಚಂದ್ರನ ನೆಲ ತಾನೇ ಅವಕೆಂಪು ಸೂಸುತ್ತದೆ. 2000ದಿಂದಾಚೆಗೆ ಅದು ಪ್ರತಿಫಲನದ ಜೊತೆ ಬೆರೆತು ಎರಡನೇ ತಗ್ಗನ್ನು ಬಲಗಡೆಯಿಂದ ತುಂಬಿಬಿಡುತ್ತದೆ. ತಗ್ಗು ಆಳ ಕಳೆದುಕೊಂಡು ಎಡಕ್ಕೆ ಸರಿದಂತೆ ಕಾಣುತ್ತದೆ. ಎಂ-ಕ್ಯೂಬ್‌ನ ಎರಡನೇ ಹಂತದ ಕಡತಗಳಲ್ಲಿ ಶಾಖ ಕಳೆದಿದ್ದರೂ ಪೂರ್ತಿ ಹೋಗಿರುವುದಿಲ್ಲ. ಒಂದೇ ಜಾಗದ ಬೆಳಗಿನ ಮತ್ತು ಮಧ್ಯಾಹ್ನದ ರೋಹಿತಗಳನ್ನು ಅಕ್ಕಪಕ್ಕ ಇಟ್ಟು ನೋಡುವುದೇ ಉತ್ತಮ ಪರೀಕ್ಷೆ. ಚಂದ್ರಯಾನ-2ರ ಅವಕೆಂಪು ರೋಹಿತಮಾಪಕ ಐಐಆರ್‌ಎಸ್ 5000 ನ್ಯಾನೋಮೀಟರ್‌ವರೆಗೆ ಅಳೆಯುವುದರಿಂದ ಶಾಖದ ಪಾಲನ್ನು ಅದೇ ರೋಹಿತದಿಂದಲೇ ಅಂದಾಜಿಸಬಹುದು. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರದ 'ಪ್ರದಾನ್' ತಾಣದಲ್ಲಿ ನೋಂದಾಯಿಸಿಕೊಂಡರೆ ಅದು ಸಿಗುತ್ತದೆ.

ಟೈಟಾನಿಯಂ ಬೇಕಾದರೆ ದಾರಿ ಬೇರೆ. ಟೈಟಾನಿಯಂ ಇರುವ ಖನಿಜ ಇಲ್ಮನೈಟ್ ತಗ್ಗು ತೋರಿಸುವ ಬದಲು ಎಲ್ಲವನ್ನೂ ಕಪ್ಪಾಗಿಸುತ್ತದೆ. ಅದಕ್ಕೆ ಅಮೆರಿಕದ ಕ್ಲೆಮೆಂಟೈನ್ ನೌಕೆಯ 415/750 ಅನುಪಾತವೇ (415 ಮತ್ತು 750 ನ್ಯಾನೋಮೀಟರ್‌ನ ಪ್ರತಿಫಲನಗಳ ಭಾಗಲಬ್ಧ) ಸರಿ. ಎಂ-ಕ್ಯೂಬ್‌ನ ನೀಲಿ ತುದಿಯಲ್ಲಿ ಗದ್ದಲ ಜಾಸ್ತಿ. ಅಪೋಲೋ 11 ಇಳಿದ ಟ್ರ್ಯಾಂಕ್ವಿಲಿಟಾಟಿಸ್ ಬಯಲಿನ ಬಸಾಲ್ಟ್‌ನಲ್ಲಿ ಸುಮಾರು ಶೇ. 10 ಟೈಟಾನಿಯಂ ಡೈಆಕ್ಸೈಡ್, ಸೋವಿಯತ್ ನೌಕೆ ಲೂನಾ 24 ಕ್ರಿಸಿಯಂ ಬಯಲಿನಿಂದ ತಂದದ್ದರಲ್ಲಿ ಶೇ. 1ರ ಸುಮಾರು. ನಿಮ್ಮ ಅನುಪಾತದ ನಕ್ಷೆಯಲ್ಲಿ ಈ ಎರಡು ಜಾಗಗಳು ಸ್ಪಷ್ಟವಾಗಿ ದೂರ ನಿಲ್ಲದಿದ್ದರೆ ಲೆಕ್ಕ ಎಲ್ಲೋ ತಪ್ಪಿದೆ.